ಮಾತ್ರೆ ತಿಂದಷ್ಟು ದಿನ ವಾಸಿ: ಬದಲಿ ಮಂಡಿಯ ಸೋಂಕಿನ ಒಂದು ಪ್ರಕರಣ

ರೋಗಿ 60 ದಾಟಿದ ಹೆಂಗಸು. ಮಲೆನಾಡಿನ ಕಡೆಯವರು. ಮನೆಯಲ್ಲಿ ಅಡಿಕೆ ತೋಟ, ಕೊಟ್ಟಿಗೆಯಲ್ಲಿ ದನ. ವಾರ್ಡಿನಲ್ಲಿ ಎಲ್ಲರೂ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದರು, ಇಲ್ಲೂ ಹಾಗೇ ಇರಲಿ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ನಾನು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನವಳು. ರೋಗಿಗಿಂತ ಅವರ ಕೀವು, ರಕ್ತವನ್ನು ನೋಡುವುದೇ ಜಾಸ್ತಿ. ಹಾಗಾಗಿ ಈ ಕಥೆ ಕೂಡ ಸ್ವಲ್ಪ ಲ್ಯಾಬಿನ ಕಡೆಗೆ ವಾಲಿರುತ್ತದೆ.

ಹಿನ್ನೆಲೆ

ಅಮ್ಮನಿಗೆ 10 ವರ್ಷದಿಂದ ಶುಗರ್. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಮಾತ್ರೆಗಳಲ್ಲೇ ನಡೆಯುತ್ತಿತ್ತು. ಸವೆದುಹೋಗಿದ್ದ ಬಲ ಮಂಡಿಯನ್ನು ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ಬದಲಿಸಿಕೊಂಡಿದ್ದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಮೂರನೇ ದಿನಕ್ಕೆ ವಾಕರ್ ಹಿಡಿದು ನಡೆದಿದ್ದರು.

ಒಂದೇ ಒಂದು ತಕರಾರು. ಹೊಲಿಗೆಯ ಕೆಳತುದಿ ಒಣಗಲಿಲ್ಲ. 15 ದಿನವಾದರೂ ಡ್ರೆಸ್ಸಿಂಗ್ ಬಿಚ್ಚಿದರೆ ಗಾಜ್ ಮೇಲೆ ತಿಳಿ ಹಳದಿ ಕಲೆ. ಜ್ವರವಿಲ್ಲ, ಕೆಟ್ಟ ವಾಸನೆಯಿಲ್ಲ. ಶುಗರ್ ಇರುವವರಿಗೆ ಗಾಯ ಮಾಯುವುದು ನಿಧಾನ ಎಂದು ಹೇಳಿ ಒಂದು ಕೋರ್ಸ್ ಆಂಟಿಬಯಾಟಿಕ್ ಕೊಟ್ಟರು. ಸೋರುವುದು ನಿಂತಿತು. ಎಲ್ಲರಿಗೂ ನೆಮ್ಮದಿಯಾಯಿತು.

ಎಂಟನೇ ತಿಂಗಳಲ್ಲಿ ರಾತ್ರಿ ನೋವು ಶುರುವಾಯಿತು. ನಡೆದಾಗ ನೋಯುವುದು ಬೇರೆ, ಸುಮ್ನೆ ಮಲಗಿದ್ದಾಗ ನೋಯುವುದು ಬೇರೆ. ಎಕ್ಸ್‌ರೇಯಲ್ಲಿ ಏನೂ ಸಿಗಲಿಲ್ಲ. ಆಮೇಲೆ ಮೊದಲು ಸೋರುತ್ತಿದ್ದ ಜಾಗದಲ್ಲೇ ಒಂದು ಗುಳ್ಳೆ ಎದ್ದಿತು. ಒಡೆಯಿತು, ಕೀವು ಬಂತು, ಮಾತ್ರೆ ತಿಂದ ಮೇಲೆ ಮುಚ್ಚಿಕೊಂಡಿತು. ಮಾತ್ರೆ ಮುಗಿದು ಮೂರು ವಾರಕ್ಕೆ ಮತ್ತೆ ಒಡೆಯಿತು. ಹೀಗೆ ನಾಲ್ಕು ಸುತ್ತು. ಪ್ರತಿ ಸಲವೂ ಹಿಂದಿನದಕ್ಕಿಂತ ದುಬಾರಿ ಮಾತ್ರೆ.

ನಮ್ಮಲ್ಲಿಗೆ ಬಂದಾಗ ಆಪರೇಷನ್ ಆಗಿ 14 ತಿಂಗಳು ಕಳೆದಿತ್ತು. ಮಗ, ಸೊಸೆ ಇಬ್ಬರೂ ಜೊತೆಗಿದ್ದರು. ಮಗ ಒಂದು ದಪ್ಪ ಫೈಲ್ ತೆಗೆದು ಮೇಜಿನ ಮೇಲಿಟ್ಟು ಹೇಳಿದ ಮಾತು ಇಡೀ ಕೇಸನ್ನೇ ಹೇಳಿಬಿಟ್ಟಿತು: "ಮಾತ್ರೆ ತಿಂದಷ್ಟು ದಿನ ವಾಸಿ ಸಾರ್. ಬಿಟ್ರೆ ಮತ್ತೆ ಅದೇ."

ಸಮಸ್ಯೆ ಎಲ್ಲಿತ್ತು

ಫೈಲಿನಲ್ಲಿ ಮೂರು ಕಲ್ಚರ್ (ಸ್ಯಾಂಪಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟ್ ಇದ್ದವು. ಎರಡರಲ್ಲಿ ಏನೂ ಬೆಳೆದಿಲ್ಲ ಎಂದಿತ್ತು. ಮೂರನೆಯದರಲ್ಲಿ ಇ. ಕೋಲೈ, ಕರುಳಿನಲ್ಲಿರುವ ಬ್ಯಾಕ್ಟೀರಿಯಾ. ಆ ಮೂರನೆಯದನ್ನು ನಂಬಿ 10 ದಿನ ಇಂಜೆಕ್ಷನ್ ಹಾಕಿಸಿಕೊಂಡಿದ್ದರು, ಗುಣವಾಗಿರಲಿಲ್ಲ.

ಮೂರನ್ನೂ ದಿನಾಂಕದ ಜೊತೆ ಇಟ್ಟು ನೋಡಿದರೆ ವಿಷಯ ಬೇರೆಯೇ ಇತ್ತು. ಏನೂ ಬೆಳೆಯದ ಎರಡೂ ಸಲ ಅಮ್ಮ ಆಂಟಿಬಯಾಟಿಕ್ ತಿನ್ನುತ್ತಿದ್ದರು. ಮೂರೂ ಸಲ ಸ್ಯಾಂಪಲ್ ತೆಗೆದದ್ದು ಕೀವು ಸೋರುವ ರಂಧ್ರದ ಬಾಯಿಂದ, ಹತ್ತಿಯ ಸ್ವಾಬಿನಲ್ಲಿ. ರಂಧ್ರದ ಬಾಯಿಯಲ್ಲಿ ಚರ್ಮದ ಮೇಲಿನ, ಬಟ್ಟೆಯ, ಕೈಯ ಬ್ಯಾಕ್ಟೀರಿಯಾ ಎಲ್ಲವೂ ಇರುತ್ತವೆ. ಒಳಗೆ ಕೀಲಿನಲ್ಲಿ ಯಾವುದಿದೆ ಎಂದು ಅದು ಹೇಳುವುದಿಲ್ಲ. ಇ. ಕೋಲೈ ಅಲ್ಲಿ ಬಾಡಿಗೆಗೆ ಬಂದಿದ್ದು.

ಇನ್ನೊಂದು ವಿಷಯ ಯಾವ ರಿಪೋರ್ಟಿಗೂ ಕಾಯಬೇಕಿರಲಿಲ್ಲ. ಬದಲಿ ಕೀಲಿನವರೆಗೆ ಹೋಗುವ ರಂಧ್ರ ಚರ್ಮದಲ್ಲಿ ಕಂಡರೆ ಕೀಲಿಗೆ ಸೋಂಕು ಇದೆ ಎಂದೇ ಲೆಕ್ಕ. ಜಗತ್ತಿನ ಎಲ್ಲ ಪ್ರಮುಖ ಮಾನದಂಡಗಳೂ ಇದನ್ನು ಒಪ್ಪುತ್ತವೆ. ಮೈಯಲ್ಲಿ ಉರಿಯೂತ ಇದ್ದರೆ ರಕ್ತದಲ್ಲಿ ಏರುವ ಸಿಆರ್‌ಪಿ 18 ಇತ್ತು, ತೀರಾ ಜಾಸ್ತಿಯೇನಲ್ಲ. ಅದನ್ನೇ ನೋಡಿ ಹಿಂದೆ ಯಾರೋ "ಮೈಲ್ಡ್" ಎಂದು ಬರೆದಿದ್ದರು. ಮಂದಗತಿಯ ಸೋಂಕಿನಲ್ಲಿ ಸಿಆರ್‌ಪಿ ಅಷ್ಟಕ್ಕಷ್ಟೇ ಏರುತ್ತದೆ, ಕೆಲವರಲ್ಲಿ ಏರುವುದೇ ಇಲ್ಲ. ಹೊಸ ಎಕ್ಸ್‌ರೇಯಲ್ಲಿ ಮೊಣಕಾಲಿನ ಕೆಳಗಿನ ಲೋಹದ ತಟ್ಟೆಯ ಅಡಿಯಲ್ಲಿ ಸಣ್ಣ ಕಪ್ಪು ಗೆರೆ ಕಾಣುತ್ತಿತ್ತು. ತಟ್ಟೆ ಸಡಿಲವಾಗುತ್ತಿತ್ತು.

ಈಗ ಆ ನಾಲ್ಕು ಸುತ್ತಿನ ಮಾತು. ಬಚ್ಚಲ ಕಲ್ಲಿನ ಮೇಲೆ ಕಾಲು ಜಾರಿಸುವ ಲೋಳೆ ಗೊತ್ತಲ್ವಾ, ಮೇಲೆ ನೀರು ಹೊಯ್ದರೆ ಹೋಗುವುದಿಲ್ಲ, ಉಜ್ಜಬೇಕು. ಬಯೋಫಿಲ್ಮ್ ಎಂದರೆ ಅಂಥದ್ದೇ. ಲೋಹ, ಪ್ಲಾಸ್ಟಿಕ್, ಕೀಲನ್ನು ಮೂಳೆಗೆ ಅಂಟಿಸುವ ಸಿಮೆಂಟ್ ಸಿಕ್ಕರೆ ಬ್ಯಾಕ್ಟೀರಿಯಾ ಅಂಟಿಕೊಳ್ಳುತ್ತವೆ, ಸುತ್ತ ಸಕ್ಕರೆಯಂಥ ಉದ್ದ ಅಣುಗಳ, ಪ್ರೋಟೀನಿನ, ಡಿಎನ್‌ಎಯ ಒಂದು ಅಂಟು ಕಟ್ಟಿಕೊಳ್ಳುತ್ತವೆ, ಒಳಗೆ ಪದರ ಪದರವಾಗಿ ಕೂರುತ್ತವೆ. ಒಳಪದರಕ್ಕೆ ಆಮ್ಲಜನಕವೂ ಕಡಿಮೆ, ಆಹಾರವೂ ಕಡಿಮೆ. ಅಲ್ಲಿನವು ಬೆಳೆಯುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿರುತ್ತವೆ. ಪೆನ್ಸಿಲಿನ್ ಜಾತಿಯ ಔಷಧಗಳು ಕೊಲ್ಲುವುದು ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು. ಬೆಳೆಯದೆ ಕೂತವನ್ನು ಅವು ಏನೂ ಮಾಡಲಾರವು. ಹಾಗಾಗಿ ಪದರದೊಳಗಿನ ಬ್ಯಾಕ್ಟೀರಿಯಾ ಕೊಲ್ಲಲು ತೇಲುವ ಬ್ಯಾಕ್ಟೀರಿಯಾಕ್ಕಿಂತ ನೂರು, ಸಾವಿರ ಪಟ್ಟು ಔಷಧ ಬೇಕಾಗಬಹುದು. ಅಷ್ಟು ಕೊಟ್ಟರೆ ಮೊದಲು ರೋಗಿಯ ಕಿಡ್ನಿ ಹೋಗುತ್ತದೆ.

ಮಾತ್ರೆ ತಿಂದಾಗ ಪದರದಿಂದ ಕಳಚಿ ತೇಲುತ್ತಿರುವವು ಸಾಯುತ್ತವೆ. ಕೀವು ನಿಲ್ಲುತ್ತದೆ, ನೋವು ತಗ್ಗುತ್ತದೆ. ರಂಧ್ರ ಮುಚ್ಚಿಕೊಳ್ಳುತ್ತದೆ. ಲೋಹದ ಮೇಲಿನ ಪದರ ಹಾಗೇ ಇರುತ್ತದೆ. ಮಾತ್ರೆ ನಿಂತ ಮೇಲೆ ಮತ್ತೆ ಕಳಚುತ್ತದೆ. ಇದಕ್ಕೆ ಔಷಧ ನಿರೋಧಕ ಬ್ಯಾಕ್ಟೀರಿಯಾ ಬೇಕೇ ಬೇಕು ಅಂತಿಲ್ಲ. ಪದರ ಬಿಟ್ಟು ಬಂದ ಅದೇ ಬ್ಯಾಕ್ಟೀರಿಯಾವನ್ನು ನಾವು ಲ್ಯಾಬಿನಲ್ಲಿ ಪರೀಕ್ಷಿಸಿದರೆ ಔಷಧಕ್ಕೆ ಬಗ್ಗುತ್ತದೆ ಎಂದೇ ರಿಪೋರ್ಟ್ ಬರುತ್ತದೆ, ಯಾಕೆಂದರೆ ನಮ್ಮ ಪರೀಕ್ಷೆ ನಡೆಯುವುದು ತೇಲುವ, ಚೆನ್ನಾಗಿ ತಿಂದುಂಡು ಬೆಳೆಯುವ ಬ್ಯಾಕ್ಟೀರಿಯಾ ಮೇಲೆ. ರಿಪೋರ್ಟ್ ಸುಳ್ಳಲ್ಲ. ಅದು ಉತ್ತರ ಕೊಟ್ಟಿರುವ ಪ್ರಶ್ನೆ ಬೇರೆ.

ಇದೇನೂ ಹೊಸ ವಿಷಯವಲ್ಲ. ಪೇಸ್‌ಮೇಕರ್ ಇದ್ದ ರೋಗಿಯೊಬ್ಬರ ರಕ್ತದಲ್ಲಿ ಸ್ಟೆಫೈಲೊಕಾಕಸ್ ಔರಿಯಸ್ ಎಂಬ ಬ್ಯಾಕ್ಟೀರಿಯಾ ಪದೇ ಪದೇ ಕಾಣಿಸಿಕೊಂಡಾಗ, ತೆಗೆದ ತಂತಿಯನ್ನು ಕೆನಡಾದ ಮಾರಿ, ಕಾಸ್ಟರ್‌ಟನ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ 1982ರಲ್ಲೇ ಬರೆದಿದ್ದರು: ತಂತಿಯ ಮೇಲೆ ಬ್ಯಾಕ್ಟೀರಿಯಾ ದಪ್ಪ ಅಂಟಿನೊಳಗೆ ಗುಂಪಾಗಿ ಕೂತಿದ್ದವು. ಅದಕ್ಕೂ ಮೊದಲು, 1957ರಲ್ಲಿ ಎಲೆಕ್ ಮತ್ತು ಕೊನೆನ್ ಸ್ವಯಂಸೇವಕರ ಚರ್ಮದಲ್ಲಿ ಪರೀಕ್ಷೆ ಮಾಡಿದ್ದರು. ಬರಿ ಚರ್ಮದಲ್ಲಿ ಕೀವು ತುಂಬಿಸಲು ಸ್ಟೆಫೈಲೊಕಾಕಸ್ ಲಕ್ಷಗಟ್ಟಲೆ ಬೇಕಾಯಿತು. ಹೊಲಿಗೆಯ ರೇಷ್ಮೆ ದಾರ ಒಂದಿದ್ದರೆ ನೂರರ ಲೆಕ್ಕದಲ್ಲಿ ಸಾಕಾಯಿತು.

ಮೊದಲ ತೀರ್ಮಾನ: ಉಳಿಸುವುದಾ, ತೆಗೆಯುವುದಾ

ಮಗನ ಮೊದಲ ಪ್ರಶ್ನೆ ಅದೇ. "ಒಳಗೆ ತೊಳೆದು ಬಿಟ್ರೆ ಆಗಲ್ವಾ ಸಾರ್? ಮತ್ತೆ ಕೀಲೇ ತೆಗೀಬೇಕಾ?"

ತೊಳೆದು ಉಳಿಸುವ ದಾರಿ ಇದೆ. ಮಂಡಿ ತೆರೆದು, ಕೆಟ್ಟ ಅಂಗಾಂಶ ಕೆರೆದು ತೆಗೆದು, ನಡುವಿನ ಪ್ಲಾಸ್ಟಿಕ್ ತುಂಡು ಬದಲಿಸಿ, ಲೋಹವನ್ನು ಹಾಗೇ ಬಿಟ್ಟು ದೀರ್ಘಕಾಲ ಔಷಧ ಕೊಡುತ್ತಾರೆ. ಆದರೆ ಅದು ಫಲಿಸುವುದು ಪದರ ಎಳೆಯದಾಗಿದ್ದಾಗ. ಆಪರೇಷನ್ ಆಗಿ ಸುಮಾರು ಒಂದು ತಿಂಗಳೊಳಗೆ, ಅಥವಾ ತೊಂದರೆ ಶುರುವಾಗಿ ಮೂರು ವಾರದೊಳಗೆ, ಅದೂ ಕೀಲು ಗಟ್ಟಿಯಾಗಿ ಕೂತಿದ್ದು ಚರ್ಮದಲ್ಲಿ ರಂಧ್ರವಿಲ್ಲದಿದ್ದರೆ. ಅಮ್ಮನ ವಿಷಯದಲ್ಲಿ ಆ ಬಾಗಿಲು ತೆರೆದಿದ್ದದ್ದು ಗಾಜ್ ಮೇಲೆ ಹಳದಿ ಕಲೆ ಬರುತ್ತಿದ್ದ ದಿನಗಳಲ್ಲಿ. ಈಗ ರಂಧ್ರವಿದೆ, ತಟ್ಟೆ ಸಡಿಲ, ತಿಂಗಳುಗಳೇ ಕಳೆದಿವೆ. ನಮ್ಮ ಮೂಳೆ ಡಾಕ್ಟರು ಎರಡು ಹಂತದ ಬದಲಾವಣೆಯೇ ದಾರಿ ಎಂದರು. ಮೊದಲ ಆಪರೇಷನ್‌ನಲ್ಲಿ ಎಲ್ಲವನ್ನೂ ತೆಗೆದು ಔಷಧ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ಕೀಲು ಇಡುವುದು, ಕೆಲವು ವಾರದ ಮೇಲೆ ಎರಡನೆಯದರಲ್ಲಿ ಹೊಸ ಕೀಲು. ಒಂದೇ ಆಪರೇಷನ್‌ನಲ್ಲಿ ಎರಡನ್ನೂ ಮುಗಿಸುವವರೂ ಇದ್ದಾರೆ, ಆದರೆ ಅದಕ್ಕೆ ಬ್ಯಾಕ್ಟೀರಿಯಾ ಯಾವುದೆಂದು ಮೊದಲೇ ಖಚಿತವಾಗಿ ಗೊತ್ತಿದ್ದರೆ ಒಳ್ಳೆಯದು. ನಮಗೆ ಗೊತ್ತಿರಲಿಲ್ಲ.

ಎರಡನೇ ತೀರ್ಮಾನ: ಔಷಧ ನಿಲ್ಲಿಸುವುದು

ಈ ಕೇಸಿನಲ್ಲಿ ನಿಜವಾದ ತಿರುವು ಇದು. ಯಾವ ಬ್ಯಾಕ್ಟೀರಿಯಾ ಎಂದು ಗೊತ್ತಾಗಬೇಕಾದರೆ ಆಂಟಿಬಯಾಟಿಕ್ ಪೂರ್ತಿ ನಿಲ್ಲಿಸಿ ಎರಡು ವಾರ ಕಾಯಬೇಕು. ಆಮೇಲೆ ಕೀಲಿನಿಂದ ಸ್ಯಾಂಪಲ್. ಕಾಗದದ ಮೇಲೆ ಒಂದು ಸಾಲು. ಕೀವು ಸೋರುತ್ತಿರುವ ಕಾಲಿನ ಎದುರು ಕೂತು ಇದನ್ನು ಹೇಳುವುದು ಬೇರೆ ಮಾತು.

ಅಮ್ಮ ಏನೂ ಹೇಳಲಿಲ್ಲ. ಮಗನಿಗೆ ಕೋಪ ಬಂತು. ಅವನ ಜಾಗದಲ್ಲಿದ್ದರೆ ಯಾರಿಗಾದರೂ ಬರುತ್ತಿತ್ತು. ದೊಡ್ಡ ಆಸ್ಪತ್ರೆಗೆ ಬಂದರೆ ಇನ್ನೂ ದೊಡ್ಡ ಔಷಧ ಕೊಡುತ್ತಾರೆ ಎಂದುಕೊಂಡಿದ್ದವನಿಗೆ ಇದ್ದದ್ದನ್ನೂ ನಿಲ್ಲಿಸಿ ಎಂದರೆ? ಸೋಂಕು ರೋಗದ ಡಾಕ್ಟರು ಫೈಲಿನ ಮೂರು ರಿಪೋರ್ಟುಗಳನ್ನೂ ಸಾಲಾಗಿ ಇಟ್ಟು, ಪ್ರತಿಯೊಂದರ ಕೆಳಗೆ ಆ ದಿನ ಅಮ್ಮ ಯಾವ ಮಾತ್ರೆಯಲ್ಲಿದ್ದರು ಎಂದು ಪೆನ್ನಿನಲ್ಲಿ ಬರೆದು ತೋರಿಸಿದರು. ವಿವರಣೆಗಿಂತ ಅದು ಹೆಚ್ಚು ಕೆಲಸ ಮಾಡಿತು. ಸೊಸೆ ಮೊದಲು ಅರ್ಥ ಮಾಡಿಕೊಂಡರು. "ಅಂದ್ರೆ ಇಷ್ಟು ದಿನ ಯಾವ ಹುಳಕ್ಕೆ ಔಷಧಿ ಅಂತಾನೇ ಗೊತ್ತಿಲ್ದೆ ಕೊಟ್ಟಿದ್ದು" ಎಂದರು.

ಸುಮ್ನೆ ನಿಲ್ಲಿಸಿ ಕಳಿಸುವಂತಿಲ್ಲ. ಚಳಿ ಜ್ವರ, ಕಾಲು ಕೆಂಪಗೆ ಬಾತುಕೊಳ್ಳುವುದು, ಮಂಕು ಕವಿಯುವುದು, ಇದರಲ್ಲಿ ಯಾವುದೇ ಆದರೂ ತಕ್ಷಣ ಬರಬೇಕು ಎಂದು ಕನ್ನಡದಲ್ಲಿ ಒಂದು ಚೀಟಿ ಬರೆದುಕೊಟ್ಟೆವು. ಯಾವ ಡಾಕ್ಟರ ಹತ್ತಿರ ಹೋದರೂ ಆ ಚೀಟಿ ತೋರಿಸಬೇಕು. ಫೋನ್ ನಂಬರ್ ನನ್ನದೇ ಕೊಟ್ಟೆ. ಸ್ಯಾಂಪಲ್ ಹಾಳಾದರೆ ನಷ್ಟ ನಮ್ಮ ಲ್ಯಾಬಿಗೇ ಅಲ್ವಾ.

ಒಂಬತ್ತನೇ ದಿನ ಸೊಸೆಯ ಫೋನ್ ಬಂತು. "ಮೇಡಂ, ಕೀವು ಜಾಸ್ತಿ ಆಗಿದೆ. ಬಟ್ಟೆ ದಿನಕ್ಕೆ ನಾಲ್ಕು ಸಲ ಬದಲಾಯಿಸ್ತಿದೀನಿ. ಇಲ್ಲಿ ಡಾಕ್ಟ್ರು ಒಂದು ಇಂಜೆಕ್ಷನ್ ಹಾಕ್ತೀನಿ ಅಂತಾರೆ, ನೋಡಕ್ಕಾಗ್ತಿಲ್ಲ ಅಂತಾರೆ. ಹಾಕಿಸ್ಲಾ?" ಜ್ವರ ಇದೆಯಾ ಎಂದು ಕೇಳಿದೆ. ಇಲ್ಲ. ಊಟ ಮಾಡುತ್ತಾರಾ? ಮಾಡುತ್ತಾರೆ. ಕಾಲು ಬಿಸಿಯಾಗಿದೆಯಾ? ಮಂಡಿ ಮಾತ್ರ, ಮೊದಲಿನಷ್ಟೇ. ಸೋಂಕು ರೋಗದ ಡಾಕ್ಟರು ಊರಿನ ಆ ಡಾಕ್ಟರ ಜೊತೆಗೇ ನೇರವಾಗಿ ಮಾತಾಡಿದರು. ಇಂಜೆಕ್ಷನ್ ಹಾಕಲಿಲ್ಲ. ಆ ಫೋನ್ ಬರದಿದ್ದರೆ ಐದನೇ ಸುತ್ತು ಅಲ್ಲೇ ಶುರುವಾಗುತ್ತಿತ್ತು. ಒಳ್ಳೆಯ ಮನಸ್ಸಿನಿಂದಲೇ.

ಲ್ಯಾಬಿನಲ್ಲಿ

ಎರಡು ವಾರದ ಮೇಲೆ ರಂಧ್ರದಿಂದ ದೂರ, ಚೊಕ್ಕ ಚರ್ಮದ ಮೂಲಕ ಸೂಜಿ ಹಾಕಿ ಕೀಲಿನ ದ್ರವ ತೆಗೆದರು. ಒಂದು ಮೈಕ್ರೋಲೀಟರಿಗೆ 11,000 ಬಿಳಿ ರಕ್ತಕಣ, ಅದರಲ್ಲಿ ನೂರಕ್ಕೆ 90 ಬ್ಯಾಕ್ಟೀರಿಯಾ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಕಣ. ಬದಲಿ ಕೀಲಿನಲ್ಲಿ 3,000 ದಾಟಿದರೇ ಸಾಕು, ಸೋಂಕಿನ ಅನುಮಾನ ಗಟ್ಟಿಯಾಗುತ್ತದೆ. ಬ್ಲಡ್ ಕಲ್ಚರ್ ಬಾಟಲಿಗೆ ಹಾಕಿದ ದ್ರವದಲ್ಲಿ ನಾಲ್ಕನೇ ದಿನ ಸ್ಟೆಫೈಲೊಕಾಕಸ್ ಎಪಿಡರ್ಮಿಡಿಸ್ ಬೆಳೆಯಿತು.

ಇದರ ಮೇಲೆ ನಮ್ಮಲ್ಲೇ ಜಗಳ ಬಿತ್ತು. ಎಪಿಡರ್ಮಿಡಿಸ್ ಎಲ್ಲರ ಚರ್ಮದ ಮೇಲೂ ಇರುತ್ತದೆ. ಲ್ಯಾಬಿನಲ್ಲಿ ಅದು ಕಂಡರೆ ಸೂಜಿ ಹಾಕುವಾಗ ಚರ್ಮದಿಂದ ಬಂದಿರಬೇಕು ಎಂದು ಬದಿಗಿಡುವುದೇ ರೂಢಿ. ಹಾಗೆ ಬದಿಗಿಟ್ಟೇ ಅದು ಬದಲಿ ಕೀಲುಗಳಲ್ಲಿ ಇಷ್ಟು ಕಾಲ ಬಚಾವಾಗಿದೆ. ಒಂದು ಸ್ಯಾಂಪಲ್ ಮೇಲೆ ಹೌದು ಅನ್ನಲೂ ಆಗುವುದಿಲ್ಲ, ಅಲ್ಲ ಅನ್ನಲೂ ಆಗುವುದಿಲ್ಲ. ಆಪರೇಷನ್ ದಿನ ಬೇರೆ ಬೇರೆ ಜಾಗದಿಂದ ಅಂಗಾಂಶದ ಆರು ತುಂಡು ಬೇಕು, ಪ್ರತಿ ತುಂಡಿಗೂ ಬೇರೆ ಚಿಮಟ, ಬೇರೆ ಬಾಟಲಿ ಎಂದು ಕೇಳಿದೆವು. ಎರಡು ಅಥವಾ ಹೆಚ್ಚು ತುಂಡುಗಳಲ್ಲಿ ಅದೇ ಬ್ಯಾಕ್ಟೀರಿಯಾ ಬಂದರೆ ಅದು ಒಳಗಿನದೇ.

ಆಪರೇಷನ್ ದಿನ ಹೊರಬಂದ ಲೋಹದ ತಟ್ಟೆ ನೋಡಿದರೆ ಯಾರಿಗೂ ನಂಬಿಕೆ ಬರುತ್ತಿರಲಿಲ್ಲ. ಮೇಲ್ಭಾಗ ಹೊಸದರಂತೆ ಹೊಳೆಯುತ್ತಿತ್ತು. ಕೀವಿಲ್ಲ, ಲೋಳೆಯಿಲ್ಲ. ಅಡಿಯ ಸಿಮೆಂಟ್ ಮಾತ್ರ ಉಳಿ ತಾಗಿಸಿದ ಕೂಡಲೇ ಬಿಟ್ಟುಕೊಂಡಿತು. ಬಯೋಫಿಲ್ಮ್ ಬರಿಗಣ್ಣಿಗೆ ಕಾಣಲೇಬೇಕೆಂದೇನಿಲ್ಲ.

ತಟ್ಟೆಯನ್ನು, ಪ್ಲಾಸ್ಟಿಕ್ ತುಂಡನ್ನು ಲ್ಯಾಬಿನಲ್ಲಿ ಅಲ್ಟ್ರಾಸೌಂಡ್ ನೀರಿನ ತೊಟ್ಟಿಯಲ್ಲಿಟ್ಟು ಅಲುಗಾಡಿಸುತ್ತೇವೆ. ಧ್ವನಿ ಅಲೆಗೆ ಪದರ ಕಳಚಿ ದ್ರವಕ್ಕೆ ಬರುತ್ತದೆ, ಆ ದ್ರವವನ್ನು ಕಲ್ಚರ್ ಮಾಡುತ್ತೇವೆ. ಟ್ರಾಂಪುಜ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದ ವಿಧಾನ ಇದು. ಅವರ ರೋಗಿಗಳಲ್ಲಿ ಅಂಗಾಂಶದ ಕಲ್ಚರ್ ನೂರಕ್ಕೆ ಸುಮಾರು 61 ಸೋಂಕುಗಳನ್ನು ಹಿಡಿದರೆ ಇದು ಸುಮಾರು 79 ಹಿಡಿಯಿತು. ಆಪರೇಷನ್‌ಗೆ ಹಿಂದಿನ 14 ದಿನದಲ್ಲಿ ಆಂಟಿಬಯಾಟಿಕ್ ತಿಂದವರಲ್ಲಿ ಅಂತರ ಇನ್ನೂ ದೊಡ್ಡದು, 45 ಎದುರು 75. ಮಾಡುವವರಿಗೆ ಒಂದು ಮಾತು: ಪ್ಲಾಸ್ಟಿಕ್ ಚೀಲ ಬೇಡ, ಅದು ಸೋರಿ ತೊಟ್ಟಿಯ ನೀರು ಒಳಗೆ ಸೇರುತ್ತದೆ. ಸ್ಟೆರಿಲೈಸ್ ಮಾಡಬಹುದಾದ ಗಟ್ಟಿ ಮುಚ್ಚಳದ ಡಬ್ಬಿಯೇ ಆಗಬೇಕು.

ಆರರಲ್ಲಿ ನಾಲ್ಕು ತುಂಡುಗಳಲ್ಲಿ ಎಪಿಡರ್ಮಿಡಿಸ್ ಬಂತು. ಲೋಹದ ತಟ್ಟೆಯಿಂದ ಕಳಚಿದ ದ್ರವ ಹಾಕಿದ ಕಲ್ಚರ್ ಪ್ಲೇಟ್ ತುಂಬ ಅದೇ. ಇ. ಕೋಲೈ ಎಲ್ಲೂ ಇಲ್ಲ. ಎರಡು ತುಂಡುಗಳಲ್ಲಿ ಬ್ಯಾಕ್ಟೀರಿಯಾ ಬೆಳೆದ ಚುಕ್ಕೆಗಳು (ಕಾಲೊನಿ) ಎಷ್ಟು ಸಣ್ಣವೆಂದರೆ ಐದನೇ ದಿನದ ತನಕ ಸರಿಯಾಗಿ ಕಾಣಲೇ ಇಲ್ಲ. ಮಾಮೂಲಿ ಕೀವಿನ ಪ್ಲೇಟುಗಳನ್ನು ಎರಡನೇ ದಿನ ನೋಡಿ ಎಸೆಯುತ್ತೇವೆ. ಬದಲಿ ಕೀಲಿನದು ಎಂದು ಫಾರಂನಲ್ಲಿ ಬರೆದಿದ್ದರಿಂದ 14 ದಿನ ಇಟ್ಟಿದ್ದೆವು. ಬರೆಯದಿದ್ದರೆ ಅವೆರಡೂ ಕಸದ ಬುಟ್ಟಿಗೆ ಹೋಗಿರುತ್ತಿದ್ದವು.

ಟಿಬಿ ಮಾತ್ರೆಯ ರಗಳೆ

ಬ್ಯಾಕ್ಟೀರಿಯಾ ಮೆಥಿಸಿಲಿನ್‌ಗೆ ಬಗ್ಗುತ್ತಿರಲಿಲ್ಲ. ವ್ಯಾಂಕೊಮೈಸಿನ್, ರಿಫಾಂಪಿಸಿನ್, ಲಿವೊಫ್ಲಾಕ್ಸಾಸಿನ್‌ಗೆ ಬಗ್ಗುತ್ತಿತ್ತು. ಲಿವೊಫ್ಲಾಕ್ಸಾಸಿನ್ ಉಳಿದದ್ದು ಅದೃಷ್ಟ, ನಮ್ಮ ಆಸ್ಪತ್ರೆಗಳ ಎಪಿಡರ್ಮಿಡಿಸ್ ಸಾಮಾನ್ಯವಾಗಿ ಅದಕ್ಕೆ ಬಗ್ಗುವುದಿಲ್ಲ. ಸ್ಟೆಫೈಲೊಕಾಕಸ್ ಪದರದ ಮೇಲೆ ನಿಜವಾಗಿ ಕೆಲಸ ಮಾಡುವ ಕೆಲವೇ ಔಷಧಗಳಲ್ಲಿ ರಿಫಾಂಪಿಸಿನ್ ಮುಖ್ಯ. ಸ್ವಿಟ್ಜರ್‌ಲೆಂಡಿನ ಜಿಮ್ಮರ್ಲಿ ತಂಡ 1998ರಲ್ಲಿ ಪ್ರಕಟಿಸಿದ ಚಿಕ್ಕ ಪ್ರಯೋಗದಲ್ಲಿ, ಲೋಹ ತೆಗೆಯದೆ ಚಿಕಿತ್ಸೆ ಪೂರ್ತಿ ಮಾಡಿದವರಲ್ಲಿ ರಿಫಾಂಪಿಸಿನ್ ಸೇರಿಸಿದ 12ರಲ್ಲಿ 12 ಜನವೂ ಗುಣವಾದರು, ಸೇರಿಸದ 12ರಲ್ಲಿ 7 ಜನ. ಆದರೆ ಅದನ್ನು ಒಂಟಿಯಾಗಿ ಕೊಟ್ಟರೆ ಕೆಲವೇ ದಿನದಲ್ಲಿ ಬ್ಯಾಕ್ಟೀರಿಯಾ ನಿರೋಧ ಗಳಿಸುತ್ತದೆ. ಜೊತೆಗೆ ಇನ್ನೊಂದು ಇರಲೇಬೇಕು. ಗಾಯ ಒಣಗುವ ಮೊದಲೂ ಶುರು ಮಾಡಬಾರದು. ಅಮ್ಮನಿಗೆ ಮೊದಲು ವ್ಯಾಂಕೊಮೈಸಿನ್ ರಕ್ತನಾಳದ ಮೂಲಕ ಕೊಟ್ಟು, ಗಾಯದ ದ್ರವ ಹೊರಬಿಡುವ ನಳಿಕೆ (ಡ್ರೈನ್) ತೆಗೆದು ಗಾಯ ಒಣಗಿದ ಮೇಲೆ ರಿಫಾಂಪಿಸಿನ್ ಸೇರಿಸಿದರು, ಆಮೇಲೆ ವ್ಯಾಂಕೊಮೈಸಿನ್ ಬದಲು ಲಿವೊಫ್ಲಾಕ್ಸಾಸಿನ್.

ಭಾರತದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ರಿಫಾಂಪಿಸಿನ್, ಲಿವೊಫ್ಲಾಕ್ಸಾಸಿನ್ ಎರಡೂ ಟಿಬಿ ಮೇಲೂ ಕೆಲಸ ಮಾಡುತ್ತವೆ. ಕೀಲಿನಲ್ಲಿ ಟಿಬಿ ಇದ್ದು ನಮಗೆ ಗೊತ್ತಿಲ್ಲದೆ ಇವೆರಡನ್ನೇ ಕೊಟ್ಟರೆ ಅರೆಬರೆ ಚಿಕಿತ್ಸೆಯಾಗಿ ಟಿಬಿಯೇ ನಿರೋಧ ಗಳಿಸುತ್ತದೆ. ಹಾಗಾಗಿ ತುಂಡುಗಳನ್ನು ಟಿಬಿಯ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್‌ಗೆ, ಟಿಬಿ ಕಲ್ಚರ್‌ಗೆ, ಅಂಗಾಂಶವನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಪೆಥಾಲಜಿಗೆ ಮೊದಲೇ ಕಳಿಸಿದ್ದೆವು. ಜೀನ್‌ಎಕ್ಸ್‌ಪರ್ಟ್‌ನಲ್ಲೂ ಪೆಥಾಲಜಿಯಲ್ಲೂ ಟಿಬಿಯ ಸುಳಿವಿಲ್ಲ ಎಂದಾದ ಮೇಲೇ ಮಾತ್ರೆ ಶುರು. ಕಲ್ಚರ್ ವಾರಗಳ ನಂತರ ಬಂತು, ಅದರಲ್ಲೂ ಏನಿರಲಿಲ್ಲ.

ಡಿಸ್ಚಾರ್ಜ್ ಆದ ವಾರದಲ್ಲೇ ಮಗ ಓಡಿಬಂದ. ಮೆಡಿಕಲ್ ಶಾಪಿನವರು ಸ್ಟ್ರಿಪ್ ನೋಡಿ "ಇದು ಟಿಬಿ ಮಾತ್ರೆ ಅಲ್ವಾ" ಎಂದಿದ್ದರು. ಆ ಮಾತು ಅಮ್ಮನ ತಂಗಿಯ ಮನೆಯವರೆಗೂ ಹೋಗಿ, ಮೊಮ್ಮಕ್ಕಳನ್ನು ಅಮ್ಮನ ಹತ್ತಿರ ಬಿಡುವುದು ನಿಂತಿತ್ತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ ಎಂದು ಹೇಳಿ ಕಳಿಸಿದ್ದೆವು. ಜನ ಟಿಬಿ ಎಂದುಕೊಳ್ಳಬಹುದು ಎಂದು ಯಾರೂ ಯೋಚಿಸಿರಲಿಲ್ಲ. ಅಮ್ಮ ಎರಡು ದಿನ ಮಾತ್ರೆ ಬಿಟ್ಟಿದ್ದರು.

ಜೊತೆಗೆ ಶುಗರ್ ಏರಿತ್ತು. ಖಾಲಿ ಹೊಟ್ಟೆಯಲ್ಲಿ 140ರ ಸುಮಾರು ಇದ್ದದ್ದು 260. ಊಟದಲ್ಲಿ ಏನೋ ತಿಂದಿದ್ದಾರೆ ಎಂದು ಮನೆಯವರು ಅಮ್ಮನನ್ನೇ ಬೈಯುತ್ತಿದ್ದರು. ರಿಫಾಂಪಿಸಿನ್ ಲಿವರ್‌ನ ಕಿಣ್ವಗಳನ್ನು ಚುರುಕು ಮಾಡುತ್ತದೆ, ಗ್ಲಿಮೆಪಿರೈಡ್ ಬೇಗ ಕರಗಿಹೋಗುತ್ತದೆ, ಲಿವೊಫ್ಲಾಕ್ಸಾಸಿನ್ ಕೂಡ ಶುಗರನ್ನು ಮೇಲೆ ಕೆಳಗೆ ಮಾಡಬಲ್ಲದು. ಇನ್ಸುಲಿನ್‌ಗೆ ಬದಲಿಸಿದ ಮೇಲೆ ಸರಿಹೋಯಿತು.

ಏನಾಯಿತು

ಎರಡು ತಿಂಗಳ ಹೊತ್ತಿಗೆ ಸಿಆರ್‌ಪಿ ಮಾಮೂಲಿಗೆ ಬಂದಿತ್ತು, ಗಾಯ ಒಣಗಿತ್ತು. ಹೊಸ ಕೀಲು ಕೂರಿಸಿದರು. ಆಗಲೂ ಐದು ತುಂಡು ಕಳಿಸಿದರು, 14 ದಿನ ಇಟ್ಟೆವು, ಏನೂ ಬೆಳೆಯಲಿಲ್ಲ. ಔಷಧ ಒಟ್ಟು 12 ವಾರ. ಫ್ರಾನ್ಸಿನ 2021ರ ಡಾಟಿಪೊ ಪ್ರಯೋಗದಲ್ಲಿ 6 ವಾರ ಕೊಟ್ಟವರಲ್ಲಿ ಸೋಂಕು ಉಳಿದದ್ದು ನೂರಕ್ಕೆ 18, 12 ವಾರ ಕೊಟ್ಟವರಲ್ಲಿ 9. ಬೇಗ ಮುಗಿಸೋಣ ಎಂದು ಮಗ ಕೇಳಿದಾಗ ಇದನ್ನೇ ಹೇಳಿದರು.

ಎರಡು ವರ್ಷದ ನಂತರವೂ ಗಾಯ ಒಣಗಿದೆ, ರಾತ್ರಿ ನೋವಿಲ್ಲ. ಮಂಡಿ 95 ಡಿಗ್ರಿ ಬಗ್ಗುತ್ತದೆ. ತೋಟದ ಇಳಿಜಾರಿಗೆ ಕೋಲು ಬೇಕು. ಪೂರ್ತಿ ಮೊದಲಿನಂತಾಗಿಲ್ಲ. ಒಂದು ಆಪರೇಷನ್‌ನಲ್ಲಿ ಮುಗಿಯಬೇಕಿದ್ದದ್ದಕ್ಕೆ ಮೂರಾದವು, ತೊಡೆಯ ಸ್ನಾಯು ಸೊರಗಿದೆ.

ಈ ಕೇಸಿನ ನಂತರ ನಮ್ಮಲ್ಲಿ ಬದಲಾದದ್ದು ಸಣ್ಣ ಸಣ್ಣ ವಿಷಯಗಳು. ಒಳಗೆ ಲೋಹವಿರುವ ರೋಗಿಯ ರಂಧ್ರದ ಸ್ವಾಬ್ ಬಂದರೆ ಲ್ಯಾಬ್ ಅದನ್ನು ಹಾಗೇ ಹಾಕುವುದಿಲ್ಲ, ವಾರ್ಡಿಗೆ ಫೋನ್ ಮಾಡಿ ಕೀಲಿನ ದ್ರವ ಕೇಳುತ್ತದೆ. ಫಾರಂನಲ್ಲಿ ಎರಡು ಖಾನೆ ಹೆಚ್ಚಿವೆ: ಒಳಗೆ ಇಂಪ್ಲಾಂಟ್ ಇದೆಯಾ, ಕೊನೆಯ ಆಂಟಿಬಯಾಟಿಕ್ ಯಾವಾಗ. ಮಂಡಿ ಬದಲಿಸಿಕೊಂಡವರ ಗಾಯ ಐದರಿಂದ ಏಳು ದಿನ ದಾಟಿಯೂ ಸೋರುತ್ತಿದ್ದರೆ ಮಾತ್ರೆ ಬರೆಯುವ ಮೊದಲು ಆಪರೇಷನ್ ಮಾಡಿದ ಡಾಕ್ಟರೇ ಬಂದು ನೋಡಬೇಕು. ಇದರ ಮೇಲೆ ಮಾತ್ರ ಈಗಲೂ ವಾದ ಇದೆ. ಸುಮ್ನೆ ಒಣಗುವ ಗಾಯಗಳನ್ನೂ ತೆರೆಯಬೇಕಾಗುತ್ತದೆ ಎನ್ನುವವರಿದ್ದಾರೆ. ಅಮ್ಮನ ಫೈಲ್ ನೋಡಿದ ಮೇಲೆ ನನಗೆ ಆ ಕಡೆ ವಾಲಲು ಆಗುವುದಿಲ್ಲ. ರಿಫಾಂಪಿಸಿನ್ ಹೋಗುವ ಪ್ರತಿ ರೋಗಿಯ ಚೀಟಿಯ ಮೇಲೆ "ಇದು ಟಿಬಿಗಾಗಿ ಅಲ್ಲ, ಕೀಲಿನ ಸೋಂಕಿಗೆ" ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತೇವೆ.

ಅಮ್ಮನ ಎಡ ಮಂಡಿಯೂ ಸವೆದಿದೆ. ಅದನ್ನು ಬದಲಿಸಬೇಕಾ ಎಂದು ಮಗ ಕೇಳಿದ. ಮೂರು ತಿಂಗಳ ಶುಗರ್ ಸರಾಸರಿ ಇನ್ನೂ 8ರ ಮೇಲಿತ್ತು, ಎರಡು ಹಲ್ಲು ಹುಳುಕಾಗಿದ್ದವು. ಅವೆರಡೂ ಸರಿಯಾಗಲಿ, ಆಮೇಲೆ ನೋಡೋಣ ಎಂದು ಮೂಳೆ ಡಾಕ್ಟರು ಹೇಳಿದರು. ಅಮ್ಮ ಹಲ್ಲು ತೆಗೆಸಿಕೊಂಡಿದ್ದಾರೆ. ಮಂಡಿಯ ಮಾತು ಎತ್ತಿದರೆ ಮಾತ್ರ, ಅಡಿಕೆ ಕೊಯ್ಲು ಮುಗೀಲಿ ಅನ್ನುತ್ತಾರೆ.